ದೇವಸ್ಥಾನಕ್ಕೆ ಅಭ್ಯರ್ಥಿ ಬಂದಾಗ: ಅಮೆರಿಕದ ಕಮಿಟಿಯವರಿಗೆ ಒಂದಿಷ್ಟು ಸಲಹೆ

ನಮ್ಮ ಹಬ್ಬದ ಕಾಲವೂ ಅಮೆರಿಕದ ಚುನಾವಣೆಯ ಕಾಲವೂ ಒಂದೇ. ಗಣೇಶನನ್ನು ಕೂರಿಸುವ ಹೊತ್ತಿಗೆ ಇಲ್ಲಿ ಮನೆಗಳ ಮುಂದಿನ ಹುಲ್ಲಿನಲ್ಲಿ ಅಭ್ಯರ್ಥಿಗಳ ಹೆಸರಿನ ಬೋರ್ಡುಗಳು ಏಳುತ್ತವೆ. ನವರಾತ್ರಿಗೆ ಪ್ರಚಾರದ ಕಾವು ಏರುತ್ತದೆ. ರಾಜ್ಯೋತ್ಸವದ ಆಸುಪಾಸಿನಲ್ಲಿ, ನವೆಂಬರಿನ ಮೊದಲ ಸೋಮವಾರದ ಮರುದಿನ, ವೋಟು. ನಾವಿರುವ ನ್ಯೂಜೆರ್ಸಿಯಲ್ಲಂತೂ ಯಾವ ವರ್ಷವೂ ಬಿಡುವಿಲ್ಲ. ಸಮ ವರ್ಷಗಳಲ್ಲಿ ವಾಷಿಂಗ್ಟನ್ನಿಗೆ ಹೋಗುವವರ ಚುನಾವಣೆ, ಬೆಸ ವರ್ಷಗಳಲ್ಲಿ ರಾಜ್ಯದ ರಾಜಧಾನಿ ಟ್ರೆಂಟನ್ನಿಗೆ ಹೋಗುವವರದು. ನಡುವೆ ಸ್ಕೂಲ್ ಬೋರ್ಡು, ಟೌನ್‌ಶಿಪ್ ಕೌನ್ಸಿಲ್ಲು. ನೂರಾರು ಜನ ಸಾಲಾಗಿ ಪ್ರಸಾದಕ್ಕೆ ನಿಂತಿರುವ ಜಾಗ ಕಂಡರೆ ಯಾವ ಅಭ್ಯರ್ಥಿಗೆ ತಾನೇ ಒಳಗೆ ಬರಬೇಕು ಅನ್ನಿಸುವುದಿಲ್ಲ?

ನಾನು ಇಂಥದೇ ಒಂದು ದೇವಸ್ಥಾನದ ಕಮಿಟಿಯ ಕಾರ್ಯದರ್ಶಿ. ಮೂಲ ತಿಪಟೂರಿನ ಕಡೆ. ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ, ಅದಕ್ಕೇ ತೆರಿಗೆಗೆ ಸಂಬಂಧಪಟ್ಟ ಕಾಗದವೆಲ್ಲ ನನ್ನ ತಲೆಗೇ ಬರುತ್ತದೆ. ವಕೀಲೆ ಅಲ್ಲ. ಹಾಗಾಗಿ ಇಲ್ಲಿ ಬರೆದಿರುವುದನ್ನು ಕಮಿಟಿಯಲ್ಲಿ ಮಾತು ಶುರುಮಾಡಲು ಬಳಸಿ. ಕೊನೆಯ ಮಾತನ್ನು ನಿಮ್ಮ ವಕೀಲರ ಬಾಯಲ್ಲೇ ಕೇಳಿ.

ಮೂಲ ನಿಯಮ

ನಮ್ಮ ದೇವಸ್ಥಾನಗಳು, ಹೆಚ್ಚಿನ ಕನ್ನಡ ಕೂಟಗಳು ತೆರಿಗೆ ಕಾಯ್ದೆಯ 501 ಸಿ 3 ಅನ್ನುವ ಗುಂಪಿಗೆ ಸೇರುತ್ತವೆ. ಅಂದರೆ ಸಂಸ್ಥೆಯ ಆದಾಯಕ್ಕೆ ತೆರಿಗೆ ಇಲ್ಲ, ಹುಂಡಿಗೆ ಚೆಕ್ ಹಾಕಿದವರು ಆ ಮೊತ್ತವನ್ನು ತಮ್ಮ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಬದಲಾಗಿ ಸರ್ಕಾರದ ಒಂದು ಷರತ್ತಿದೆ. ಯಾವ ಅಭ್ಯರ್ಥಿಯ ಪರವಾಗಿಯೂ ವಿರೋಧವಾಗಿಯೂ ಸಂಸ್ಥೆ ಪ್ರಚಾರ ಮಾಡುವಂತಿಲ್ಲ. ಸ್ವಲ್ಪ ಮಾಡಬಹುದು ಅನ್ನುವ ರಿಯಾಯಿತಿ ಇದರಲ್ಲಿ ಇಲ್ಲ. 1954ರಲ್ಲಿ ಟೆಕ್ಸಸ್‌ನ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ ಈ ಸಾಲನ್ನು ಕಾಯ್ದೆಗೆ ಸೇರಿಸಿದರು. ಮುಂದೆ ಅವರು ಅಧ್ಯಕ್ಷರಾದರು, ಸಾಲಿಗೆ ಜಾನ್ಸನ್ ತಿದ್ದುಪಡಿ ಅಂತ ಹೆಸರು ಉಳಿಯಿತು. ಆಗ ಅವರ ಕಣ್ಣಿದ್ದದ್ದು ಚರ್ಚುಗಳ ಮೇಲಲ್ಲ, ತಮ್ಮನ್ನು ಸೋಲಿಸಲು ಓಡಾಡುತ್ತಿದ್ದ ಕೆಲವು ತೆರಿಗೆರಹಿತ ಸಂಘಗಳ ಮೇಲೆ ಅಂತ ಹೇಳುತ್ತಾರೆ. ಪೆಟ್ಟು ಮಾತ್ರ ಎಲ್ಲರಿಗೂ ಬಿತ್ತು.

ಇದನ್ನು ಮುರಿದು ನಿಜವಾಗಿ ಕೈಸುಟ್ಟುಕೊಂಡ ಚರ್ಚು ಅಂದರೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಹತ್ತಿರದ ಪಿಯರ್ಸ್ ಕ್ರೀಕ್ ಚರ್ಚು. 1992ರ ಚುನಾವಣೆಗೆ ನಾಲ್ಕು ದಿನ ಇರುವಾಗ ಬಿಲ್ ಕ್ಲಿಂಟನ್‌ಗೆ ವೋಟು ಹಾಕುವುದು ಕ್ರೈಸ್ತರಿಗೆ ಸಲ್ಲದು ಅನ್ನುವ ಧಾಟಿಯಲ್ಲಿ ಎರಡು ರಾಷ್ಟ್ರೀಯ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟರು. ಕೆಳಗೆ, ಈ ಜಾಹೀರಾತಿನ ಖರ್ಚಿಗೆ ದೇಣಿಗೆ ಕೊಡಿ, ತೆರಿಗೆ ವಿನಾಯಿತಿ ಸಿಗುತ್ತದೆ ಅಂತಲೂ ಬರೆದರು. ಧೈರ್ಯ ಅಂದರೆ ಇದು! 1995ರಲ್ಲಿ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಅವರ ವಿನಾಯಿತಿ ಕಿತ್ತುಕೊಂಡಿತು. 2000ದಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇಂಥ ಉದಾಹರಣೆ ತೀರಾ ಅಪರೂಪ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪೂಜಾಸ್ಥಳಗಳ ತನಿಖೆ ಶುರುಮಾಡಲು ಐಆರ್‌ಎಸ್‌ಗೂ ಕಾಯ್ದೆ ಅಡ್ಡ ಇದೆ. ಮೇಲಿನ ದರ್ಜೆಯ ಅಧಿಕಾರಿ ಕಾರಣ ಬರೆದಿಟ್ಟೇ ಮುಂದುವರಿಯಬೇಕು. ಹಾಗಾದರೆ ಇಷ್ಟು ತಲೆಬಿಸಿ ಯಾಕೆ ಅಂತ ನಮ್ಮ ಕಮಿಟಿಯಲ್ಲೇ ಕೇಳುವವರಿದ್ದಾರೆ. ನನ್ನ ಉತ್ತರ ಇಷ್ಟೇ. 2024ರಲ್ಲಿ ಟ್ರಂಪ್‌ಗೆ ವೋಟು ಹಾಕಿದವರೂ ಹ್ಯಾರಿಸ್‌ಗೆ ಹಾಕಿದವರೂ ನಮ್ಮ ಅಡುಗೆಮನೆಯಲ್ಲಿ ಪಕ್ಕಪಕ್ಕ ನಿಂತು ಪುಳಿಯೋಗರೆ ಕಲಸುತ್ತಾರೆ. ದೇವಸ್ಥಾನ ಒಂದು ಕಡೆ ವಾಲಿದ ದಿನ ಅವರಲ್ಲಿ ಅರ್ಧ ಜನ ಬರುವುದು ನಿಲ್ಲಿಸುತ್ತಾರೆ. ಐಆರ್‌ಎಸ್ ಬರಲಿ ಬಿಡಲಿ, ನಮಗೆ ಭಯ ಇರಬೇಕಾದ್ದು ಇದರದ್ದು. ಈ ಕಾನೂನು ಕಮಿಟಿಯ ಕೈಯಲ್ಲಿರುವ ಕೊಡೆ. ಯಾರೇ ಒತ್ತಾಯ ಮಾಡಿದರೂ "ನಮಗೂ ಆಸೆ ಇದೆ ಸರ್, ಕಾನೂನು ಬಿಡಲ್ಲ" ಅಂತ ಬಿಚ್ಚಿ ಹಿಡಿಯಬಹುದು.

ಯುಗಾದಿಗೆ ಮುಂಚೆಯೇ ಒಂದು ಪುಟ ಬರೆದಿಡಿ

ಅಭ್ಯರ್ಥಿ ಬಾಗಿಲಲ್ಲಿ ನಿಂತಾಗ ನಿಯಮ ಮಾಡಲು ಹೋದರೆ ಅದು ಅವರ ಮೇಲೆಯೇ ಮಾಡಿದ ಹಾಗೆ ಕಾಣುತ್ತದೆ. ಮಾರ್ಚ್ ಒಳಗೆ, ಯಾರು ಯಾರು ನಿಲ್ಲುತ್ತಾರೆ ಅಂತ ಪೂರ್ತಿ ಗೊತ್ತಾಗುವ ಮೊದಲೇ, ಕಮಿಟಿ ಸಭೆಯಲ್ಲಿ ಒಂದು ಪುಟದ ನಿರ್ಣಯ ಮಾಡಿ. ದಿನಾಂಕ ಹಾಕಿ, ಸಹಿ ಮಾಡಿ, ಫೈಲಿಗೆ ಸೇರಿಸಿ. ಅದರಲ್ಲಿ ಇಷ್ಟು ಇದ್ದರೆ ಸಾಕು: ಮೈಕು ಯಾರ ಕೈಗೆ ಸಿಗುತ್ತದೆ, ಸನ್ಮಾನ ಯಾರಿಗೆ, ಹಾಲ್ ಬಾಡಿಗೆ ಎಷ್ಟು, ಭಕ್ತರ ಪಟ್ಟಿ ಯಾರ ವಶ, ಕರಪತ್ರ ಎಲ್ಲಿ ಹಂಚಬಹುದು.

ಬರೆಯುವ ಮುಂಚೆ ಐಆರ್‌ಎಸ್ 2007ರಲ್ಲಿ ಹೊರಡಿಸಿದ ಒಂದು ಆದೇಶ ಓದಿ. ನಂಬರು 2007-41. ಅದರಲ್ಲಿ 21 ಸನ್ನಿವೇಶಗಳಿವೆ, ಪ್ರತಿಯೊಂದಕ್ಕೂ ಇದು ತಪ್ಪು, ಇದು ತಪ್ಪಲ್ಲ ಅಂತ ನೇರ ಉತ್ತರವಿದೆ. ಸರ್ಕಾರದ ಕಾಗದಗಳಲ್ಲಿ ಇಷ್ಟು ಸಲೀಸಾಗಿ ಓದಿಸಿಕೊಳ್ಳುವುದು ನಾನು ಬೇರೆ ಕಂಡಿಲ್ಲ. ಕೆಳಗೆ ಅದರಿಂದ ಕೆಲವನ್ನು ಎತ್ತಿಕೊಂಡಿದ್ದೇನೆ.

ಬಂದವರು ಯಾವ ಲೆಕ್ಕದಲ್ಲಿ ಬಂದಿದ್ದಾರೆ?

ಇದೊಂದು ಗೊತ್ತಾದರೆ ಮಿಕ್ಕಿದ್ದು ಸುಲಭ.

ಸುಮ್ನೆ ದರ್ಶನಕ್ಕೆ ಬಂದರೆ ಬರಲಿ. ಬಾಗಿಲು ಎಲ್ಲರಿಗೂ ತೆರೆದಿದೆ. ಚಪ್ಪಲಿ ಬಿಡುವ ಜಾಗ ತೋರಿಸಿ, ತೀರ್ಥ ಹೇಗೆ ತೆಗೆದುಕೊಳ್ಳಬೇಕು ಅಂತ ಹೇಳಿಕೊಡಿ. ಹಬ್ಬದ ದಿನ ಬಂದ ಗಣ್ಯರ ಹೆಸರು ಓದುವಾಗ ಅವರ ಹೆಸರನ್ನೂ ಓದಬಹುದು, ಹೆಸರು ಮತ್ತು ಈಗಿರುವ ಹುದ್ದೆ ಮಾತ್ರ. ಅರ್ಚನೆ ಮಾಡಿಸುತ್ತೇನೆ ಅಂದರೂ ಸರಿ. ಅರ್ಚನೆ ಚೀಟಿ ಎಲ್ಲರಿಗೂ ಒಂದೇ ರೇಟು. ಗೋತ್ರ ಗೊತ್ತಿಲ್ಲದವರಿಗೆ ನಮ್ಮ ಭಟ್ಟರು ಕಾಶ್ಯಪ ಗೋತ್ರ ಹೇಳಿ ಮುಗಿಸುತ್ತಾರೆ. ಸಂಕಲ್ಪದಲ್ಲಿ ಅವರು ಮನಸ್ಸಿನಲ್ಲಿ ಏನು ಕೇಳಿಕೊಳ್ಳುತ್ತಾರೋ ಅದು ಅವರಿಗೂ ದೇವರಿಗೂ ಬಿಟ್ಟದ್ದು. ಆದರೆ ಭಟ್ಟರ ಕೊರಳಿಗೆ ಸಿಕ್ಕಿಸಿದ ಮೈಕು ಆಗ ಆಫ್ ಆಗಿರಲಿ. ಚುನಾವಣಾ ವಿಜಯ ಪ್ರಾಪ್ತ್ಯರ್ಥಂ ಅಂತ ಸ್ಪೀಕರಿನಲ್ಲಿ ಕೇಳಿದರೆ ಮರುದಿನ ಎದುರಾಳಿಯ ಬೆಂಬಲಿಗರು ಕಮಿಟಿಗೆ ಫೋನ್ ಮಾಡುತ್ತಾರೆ.

ಮೇಯರ್, ಸಂಸದ ಹೀಗೆ ಈಗಾಗಲೇ ಅಧಿಕಾರದಲ್ಲಿರುವವರು ಆ ಹುದ್ದೆಯ ಲೆಕ್ಕದಲ್ಲಿ ಬಂದು ಮಾತಾಡಬಹುದು. ದೀಪಾವಳಿ ಶುಭಾಶಯ, ಟೌನಿನ ಸುದ್ದಿ, ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣೆ ಸಂಸ್ಥೆ ಫೆಮಾದಿಂದ ಪೂಜಾಸ್ಥಳಗಳ ಭದ್ರತೆಗೆ ಸಿಗುವ ಅನುದಾನದ ವಿವರ, ಎಲ್ಲ ಸರಿ. ನಾನು ಚುನಾವಣೆಗೆ ನಿಂತಿದ್ದೇನೆ ಅನ್ನುವ ಮಾತು ಅವರ ಬಾಯಲ್ಲೂ ಬರಬಾರದು, ನಮ್ಮ ನಿರೂಪಕರ ಬಾಯಲ್ಲೂ ಬರಬಾರದು, ಆಮಂತ್ರಣ ಪತ್ರದಲ್ಲೂ ಇರಬಾರದು. ಇದನ್ನು ಅವರ ಆಫೀಸಿಗೆ ಮೊದಲೇ ಇಮೇಲಿನಲ್ಲಿ ಬರೆದು ಕಳಿಸಿ, ಒಪ್ಪಿಗೆ ತರಿಸಿಕೊಳ್ಳಿ. ಅವರ ಸಿಬ್ಬಂದಿಗೆ ಈ ನಿಯಮ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇಳಿದವರನ್ನು ಕಂಡರೆ ಅವರಿಗೂ ಸಮಾಧಾನ.

ಅಭ್ಯರ್ಥಿಯಾಗಿಯೇ ಮಾತಾಡಬೇಕು ಅಂದರೆ ಅದೇ ಹುದ್ದೆಗೆ ನಿಂತಿರುವ ಎಲ್ಲರನ್ನೂ ಕರೆಯಬೇಕು. ಅದೂ ಸಮನಾದ ಅವಕಾಶ ಕೊಟ್ಟು. ಒಬ್ಬರಿಗೆ ಗಣೇಶನ ಹಬ್ಬದ ಭಾನುವಾರ, ಇನ್ನೊಬ್ಬರಿಗೆ ಬುಧವಾರ ಮಧ್ಯಾಹ್ನ ಇಪ್ಪತ್ತು ಜನರ ಮುಂದೆ ಅಂದರೆ ಅದು ಸಮ ಅಲ್ಲ. ನನ್ನ ಅನುಭವದಲ್ಲಿ ಒಳ್ಳೆಯ ದಾರಿ ಅಂದರೆ ಹಬ್ಬವೂ ಅಲ್ಲದ, ಪೂಜೆಯೂ ಇಲ್ಲದ ಒಂದು ಸಂಜೆ ಊಟದ ಹಾಲಿನಲ್ಲಿ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ ಪ್ರಶ್ನೆ ಕೇಳುವುದು. ಸ್ಕೂಲ್ ಬಜೆಟ್, ಆಸ್ತಿ ತೆರಿಗೆ, ರಸ್ತೆ, ಹಬ್ಬದ ರಜೆ ಹೀಗೆ ಪ್ರಶ್ನೆಗಳ ಹರವು ಇರಲಿ. ಪ್ರಶ್ನೆ ಕೇಳುವವರು ಕಮಿಟಿಯವರಲ್ಲದಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಬರಲಿಲ್ಲ ಅಂದರೆ ಕಾರ್ಯಕ್ರಮ ರದ್ದು ಮಾಡಬೇಕಿಲ್ಲ, ಕರೆದ ಪತ್ರ ಫೈಲಿನಲ್ಲಿದ್ದರೆ ಸಾಕು. ಫಂಡ್ ಎತ್ತುವ ಡಬ್ಬಿ ಮಾತ್ರ ಆ ಹಾಲಿನಲ್ಲಿ ಕಾಣಬಾರದು.

ಶಾಲು, ಹಾರ, ಪೇಟ

ನಾವು ಕನ್ನಡದವರಿಗೆ ಅತಿಥಿ ಬಂದರೆ ಕೈ ಸುಮ್ಮನಿರುವುದಿಲ್ಲ. ಪೂರ್ಣಕುಂಭ, ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಎಲ್ಲರೂ ಸೇರಿ ಫೋಟೋ. ಆ ಫೋಟೋ ರಾತ್ರಿಯೊಳಗೆ ಅಭ್ಯರ್ಥಿಯ ಪ್ರಚಾರದ ಪೇಜಿನಲ್ಲಿ ಇರುತ್ತದೆ. ಹಿಂದೆ ದೇವರು, ಮುಂದೆ ಅಧ್ಯಕ್ಷರು, ಮಧ್ಯೆ ಪೇಟ ಹಾಕಿಕೊಂಡ ಅಭ್ಯರ್ಥಿ. ನೋಡಿದವರಿಗೆ ದೇವಸ್ಥಾನವೇ ಬೆಂಬಲ ಕೊಟ್ಟಿದೆ ಅಂತಲೇ ಅನ್ನಿಸುತ್ತದೆ ಅಲ್ವಾ?

ಅದಕ್ಕೆ ನಮ್ಮಲ್ಲಿ ಕಾರ್ಮಿಕರ ದಿನ, ಅಂದರೆ ಸೆಪ್ಟೆಂಬರಿನ ಮೊದಲ ಸೋಮವಾರದಿಂದ ಚುನಾವಣೆ ಮುಗಿಯುವ ತನಕ ಯಾವ ರಾಜಕಾರಣಿಗೂ ವೇದಿಕೆಯ ಸನ್ಮಾನ ಇಲ್ಲ. ಇದು ಕಾನೂನು ಹೇಳಿದ್ದಲ್ಲ, ನಾವೇ ಹಾಕಿಕೊಂಡ ಗೆರೆ. ಪ್ರಸಾದ ಎಲ್ಲರಿಗೂ ಇದೆ. ಊರಿನಿಂದ ಬರುವ ಶಾಸಕರು, ಮಂತ್ರಿಗಳಿಗೂ ಇದೇ ಅಳತೆ ಇಟ್ಟಿದ್ದೇವೆ. ಅವರಿಗೆ ಇಲ್ಲಿ ವೋಟಿಲ್ಲ ನಿಜ, ಆದರೆ ಒಬ್ಬರಿಗೆ ಮಾಡಿದರೆ ಇನ್ನೊಬ್ಬರಿಗೆ ಯಾಕಿಲ್ಲ ಅನ್ನುವ ಜಗಳ ಭಕ್ತರಲ್ಲೇ ಹುಟ್ಟುತ್ತದೆ.

"ನಮ್ಮ ಹುಡುಗಾನೇ ಕಣಮ್ಮಾ"

ಅತಿ ಕಷ್ಟದ ಸನ್ನಿವೇಶ ಇದು. ಹೊರಗಿನವರಿಗೆ ಇಲ್ಲ ಅನ್ನಬಹುದು. ನಮ್ಮ ಜೊತೆ ಹತ್ತು ವರ್ಷ ಊಟ ಬಡಿಸಿದ ಹುಡುಗ ಸ್ಕೂಲ್ ಬೋರ್ಡಿಗೆ ನಿಂತರೆ? ಹಿರಿಯ ಟ್ರಸ್ಟಿಯೊಬ್ಬರು, ಎಲ್ಲರೂ ರಾಯರು ಅಂತಲೇ ಕರೆಯುವವರು, ನನ್ನ ಹತ್ತಿರ ಬಂದರು.

"ಮಂಗಳಾರತಿ ಆದಮೇಲೆ ಎರಡೇ ಎರಡು ಮಾತು ಹೇಳಿದರೆ ಏನಂತೆ? ನಮ್ಮ ಹುಡುಗಾನೇ ಕಣಮ್ಮಾ."

"ಅವನಿಗೆ ನನ್ನ ವೋಟು ಗ್ಯಾರಂಟಿ ರಾಯರೇ. ದೇವಸ್ಥಾನದ ಮೈಕು ಕೊಡೋಕಾಗಲ್ಲ."

"ಅಷ್ಟು ದೊಡ್ಡ ಐಆರ್‌ಎಸ್‌ಗೆ ನಮ್ಮ ಮೈಕಿನ ಚಿಂತೆಯಾ?"

"ಐಆರ್‌ಎಸ್ ಬಿಡಿ. ಅದೇ ಸೀಟಿಗೆ ನಿಂತಿರೋ ಆ ಗುಜರಾತಿ ಹೆಂಗಸೂ ಇಲ್ಲಿಗೆ ಶುಕ್ರವಾರ ಬರ್ತಾರೆ. ಅವರಿಗೆ ಏನು ಹೇಳ್ತೀರಿ?"

ರಾಯರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ಹೋದರು. ಖುಷಿಯಾಗಲಿಲ್ಲ, ಅದು ಮುಖದಲ್ಲೇ ಗೊತ್ತಾಗುತ್ತಿತ್ತು.

ಐಆರ್‌ಎಸ್‌ನ ಆ 21 ಸನ್ನಿವೇಶಗಳಲ್ಲಿ ಇದರ ತದ್ರೂಪು ಒಂದಿದೆ. ಟೌನ್ ಕೌನ್ಸಿಲ್ಲಿಗೆ ನಿಂತ ತಮ್ಮ ಸದಸ್ಯರಿಗೆ ಬೆಂಬಲ ಕೊಡಿ ಅಂತ ಒಂದು ಚರ್ಚು ತನ್ನ ವೆಬ್‌ಸೈಟಿನಲ್ಲಿ ಒಂದು ಸಾಲು ಹಾಕುತ್ತದೆ, ಅಷ್ಟೇ. ಅದೂ ತಪ್ಪು ಅಂತ ಉತ್ತರ. ಇನ್ನೊಂದರಲ್ಲಿ ಸಂಸ್ಥೆಯ ಮುಖ್ಯಸ್ಥರು ಸಂಸ್ಥೆಯ ಪತ್ರಿಕೆಯಲ್ಲಿ ನನ್ನ ಸ್ವಂತ ಅಭಿಪ್ರಾಯ ಅಂತ ಒಬ್ಬ ಅಭ್ಯರ್ಥಿಯನ್ನು ಹೊಗಳುತ್ತಾರೆ, ಆ ಪುಟದ ಖರ್ಚನ್ನೂ ಕೈಯಿಂದ ಕೊಡುತ್ತಾರೆ. ಅದೂ ತಪ್ಪೇ. ದುಡ್ಡು ಯಾರದ್ದು ಅನ್ನುವುದಕ್ಕಿಂತ ಪತ್ರಿಕೆ ಯಾರದ್ದು ಅನ್ನುವುದು ಮುಖ್ಯ.

ಹಾಗಂತ ಕಮಿಟಿಗೆ ಸೇರಿದವರು ಬಾಯಿಗೆ ಬೀಗ ಹಾಕಿಕೊಳ್ಳಬೇಕಿಲ್ಲ. ನಿಮ್ಮ ಮನೆಯಲ್ಲಿ ಕಾಫಿಗೆ ಕರೆದು ನೂರು ಜನಕ್ಕೆ ಪರಿಚಯ ಮಾಡಿಸಿ, ಬಾಗಿಲು ಬಾಗಿಲಿಗೆ ಹೋಗಿ ವೋಟು ಕೇಳಿ, ನಿಮ್ಮ ಫೇಸ್‌ಬುಕ್ಕಿನಲ್ಲಿ ಬರೆಯಿರಿ. ಹೆಸರಿನ ಮುಂದೆ ದೇವಸ್ಥಾನದ ಅಧ್ಯಕ್ಷರು ಅಂತ ಹಾಕಿಕೊಳ್ಳಬೇಡಿ, ದೇವಸ್ಥಾನದ ಲೆಟರ್‌ಹೆಡ್ ಮುಟ್ಟಬೇಡಿ. ನಮ್ಮವರು ನಿಲ್ಲುವುದು ಹೆಮ್ಮೆಯ ವಿಷಯವೇ. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2023ರ ಜನವರಿಯಲ್ಲಿ ಮಿಷಿಗನ್ನಿನಿಂದ ಅಮೆರಿಕದ ಸಂಸತ್ತಿಗೆ ಹೋದರು. ಹುದ್ದೆಗೆ ಧರ್ಮದ ಪರೀಕ್ಷೆ ಇಡಬಾರದು ಅಂತ ಇಲ್ಲಿನ ಸಂವಿಧಾನದ ಆರನೇ ವಿಧಿಯೇ ಹೇಳುತ್ತದೆ. ಅದನ್ನು ನಾವೇ ತಿರುಗಿಸಿ ನಮ್ಮ ಧರ್ಮದವರು ಅಂತ ವೋಟು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಪಾರ್ಕಿಂಗ್ ಲಾಟಿನ ಋಣ

ಬಹಳ ದೇವಸ್ಥಾನಗಳು ಜಾರುವುದು ಇಲ್ಲಿ. ಹಾಲ್ ದೊಡ್ಡದು ಮಾಡಬೇಕು, ಗೋಪುರ ಏಳಬೇಕು, ಪಾರ್ಕಿಂಗ್ ಲಾಟ್ ಬೇಕು. ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ತೀರ್ಮಾನಿಸುವ ಝೋನಿಂಗ್ ಬೋರ್ಡಿನ ಮುಂದೆ ವರ್ಷಗಟ್ಟಲೆ ಅರ್ಜಿ. ಪಕ್ಕದ ಮನೆಯವರು ಟ್ರಾಫಿಕ್ ಜಾಸ್ತಿಯಾಗುತ್ತದೆ ಅಂತ ತಕರಾರು ಮಾಡುತ್ತಾರೆ. ಅಂತೂ ಒಂದು ದಿನ ಪರವಾನಗಿ ಸಿಗುತ್ತದೆ. ಮೇಯರ್ ಸಹಾಯ ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ. ಮುಂದಿನ ಚುನಾವಣೆಯಲ್ಲಿ ಋಣ ತೀರಿಸಬೇಡವಾ?

ಐಆರ್‌ಎಸ್‌ನ ಆ 2007ರ ಆದೇಶದಲ್ಲಿ ಇದೂ ಇದೆ. ಒಂದು ಸಂಗೀತ ಸಂಸ್ಥೆ ಪಾರ್ಕಿನಲ್ಲಿ ಉಚಿತ ಕಛೇರಿ ನಡೆಸುತ್ತದೆ. ಅಧ್ಯಕ್ಷರು ಮೈಕ್ ಹಿಡಿದು, ಮೇಯರ್ ಬಂದದ್ದು ಸಂತೋಷ, ಅವರಿಲ್ಲದಿದ್ದರೆ ಈ ಕಛೇರಿಗಳೇ ಇರುತ್ತಿರಲಿಲ್ಲ, ಅವರು ನಮ್ಮ ಕೈ ಹಿಡಿದ ಹಾಗೆ ನವೆಂಬರಿನಲ್ಲಿ ನೀವು ಅವರ ಕೈ ಹಿಡಿಯಿರಿ ಅನ್ನುತ್ತಾರೆ. ಅದು ಪ್ರಚಾರವೇ ಅಂತ ಐಆರ್‌ಎಸ್ ತೀರ್ಮಾನ. ಧನ್ಯವಾದ ಹೇಳಿ ಅಲ್ಲಿಗೇ ನಿಲ್ಲಿಸಿ.

ನಾನು ಇನ್ನೂ ಒಂದು ಮಾತು ಸೇರಿಸುತ್ತೇನೆ. ಅದು ಋಣವೇ ಅಲ್ಲ. 2000ದಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿತು. ಆರ್‌ಎಲ್‌ಯುಐಪಿಎ ಅಂತ ಅದರ ಚುಟುಕು ಹೆಸರು. ಅದರ ಅರ್ಧ ಪೂಜಾಸ್ಥಳಗಳ ಜಮೀನಿಗೆ, ಇನ್ನರ್ಧ ಜೈಲಿನಲ್ಲಿರುವವರ ಧಾರ್ಮಿಕ ಹಕ್ಕಿಗೆ ಸಂಬಂಧಪಟ್ಟದ್ದು. ವಿಚಿತ್ರ ಜೋಡಿ! ಎರಡೂ ಸದನಗಳಲ್ಲಿ ಯಾರೂ ಅಡ್ಡ ನಿಲ್ಲಲಿಲ್ಲ. ಕ್ಲಿಂಟನ್ ಸಹಿ ಹಾಕಿದರು. ಅದರ ಪ್ರಕಾರ ಭೂಬಳಕೆ ನಿಯಮದ ಹೆಸರಿನಲ್ಲಿ ಪೂಜೆಗೆ ದೊಡ್ಡ ಅಡ್ಡಿ ತರಬೇಕಾದರೆ ಟೌನಿನ ಹತ್ತಿರ ತುಂಬ ಬಲವಾದ ಕಾರಣ ಇರಬೇಕು. ಸಿನಿಮಾ ಮಂದಿರಕ್ಕೋ ಕ್ಲಬ್ಬಿಗೋ ಕೊಡುವ ಅನುಮತಿಯನ್ನು ಪೂಜಾಸ್ಥಳಕ್ಕೆ ಮಾತ್ರ ತಪ್ಪಿಸುವಂತಿಲ್ಲ. ಒಂದು ಧರ್ಮಕ್ಕೊಂದು ನ್ಯಾಯ, ಇನ್ನೊಂದಕ್ಕೊಂದು ನ್ಯಾಯ ಮಾಡುವಂತಿಲ್ಲ. ತಪ್ಪಿದರೆ ಕೋರ್ಟಿಗೆ ಹೋಗಬಹುದು, ಅಮೆರಿಕದ ನ್ಯಾಯ ಇಲಾಖೆಗೂ ದೂರು ಕೊಡಬಹುದು. ಟ್ರಾಫಿಕ್, ಮಳೆನೀರು, ಬೆಂಕಿ ಸುರಕ್ಷತೆ, ಇವೆಲ್ಲ ನಾವೂ ಪಾಲಿಸಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಆದರೆ ನಿಯಮ ಪಾಲಿಸಿ ಪಡೆದ ಪರವಾನಗಿ ನಮ್ಮ ಹಕ್ಕು, ಯಾರ ಕೃಪೆಯೂ ಅಲ್ಲ. ಊರಿನಲ್ಲಿ ತಾಲ್ಲೂಕು ಕಚೇರಿಯ ಕೆಲಸಕ್ಕೆಲ್ಲ ಯಾರದ್ದೋ ಶಿಫಾರಸು ಹಿಡಿದು ಬೆಳೆದ ನಮಗೆ ಇದನ್ನು ನಂಬುವುದೇ ಕಷ್ಟ.

ದುಡ್ಡು, ಪಟ್ಟಿ, ಹಾಲ್

ದೇವಸ್ಥಾನದ ಖಾತೆಯಿಂದ ಯಾವ ಪ್ರಚಾರಕ್ಕೂ ಒಂದು ಡಾಲರ್ ಹೋಗಬಾರದು. ಸುತ್ತು ಬಳಸಿ ಹೋಗುವುದು ಇನ್ನೂ ಕೆಟ್ಟದ್ದು. 1996ರ ಏಪ್ರಿಲ್‌ನಲ್ಲಿ ಉಪಾಧ್ಯಕ್ಷ ಆಲ್ ಗೋರ್ ಕ್ಯಾಲಿಫೋರ್ನಿಯಾದ ಸೀ ಲೈ ಬೌದ್ಧ ದೇವಾಲಯಕ್ಕೆ ಊಟಕ್ಕೆ ಹೋದರು. ಅಲ್ಲಿನ ಸನ್ಯಾಸಿನಿಯರ ಹೆಸರಿನಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಚೆಕ್ಕುಗಳು ಹೋದವು. ಆ ದುಡ್ಡನ್ನು ದೇವಾಲಯವೇ ಅವರಿಗೆ ತುಂಬಿಕೊಟ್ಟಿತ್ತು ಅಂತ ಆಮೇಲೆ ಹೊರಬಿತ್ತು. ಇನ್ನೊಬ್ಬರ ಹೆಸರಿನಲ್ಲಿ ದೇಣಿಗೆ ಕೊಡುವುದು ಇಲ್ಲಿ ಅಪರಾಧ. ಹಣ ಎತ್ತಿದ ಮರಿಯಾ ಶಿಯಾ ಅನ್ನುವವರ ಮೇಲಿನ ಆರೋಪ 2000ದಲ್ಲಿ ಸಾಬೀತಾಯಿತು. ಗೋರ್ ಅವರಿಗೆ ಆ ಊಟದ ಕಳಂಕ ಅದೇ ವರ್ಷದ ಅಧ್ಯಕ್ಷ ಚುನಾವಣೆಯ ತನಕ ಅಂಟಿಕೊಂಡಿತ್ತು.

ಸ್ವಂತ ದುಡ್ಡು ಕೊಡುವವರಿಗೂ ಒಂದು ಎಚ್ಚರಿಕೆ ಹೇಳಿ. ಸಿಟಿಜನ್ ಆದವರು, ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ಎಚ್1ಬಿಯಲ್ಲಿರುವವರು, ಓದಲು ಬಂದ ಮಕ್ಕಳು, ನೋಡಲು ಬಂದ ಅಪ್ಪ ಅಮ್ಮ ಕೊಡುವಂತಿಲ್ಲ. ಸ್ಕೂಲ್ ಬೋರ್ಡಿನ ಚುನಾವಣೆಗೂ ಇದೇ ನಿಯಮ.

ಭಕ್ತರ ಇಮೇಲ್ ಪಟ್ಟಿ, ವಾಟ್ಸ್ಯಾಪ್ ಗುಂಪು ಯಾವ ಅಭ್ಯರ್ಥಿಗೂ ಕೊಡಬೇಡಿ. ಬೆಲೆ ಬಾಳುವ ಸ್ವತ್ತು ಅದು. ಗುಂಪಿಗೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇಡಿ. ಬೇರೆ ಗುಂಪಿನಲ್ಲಿ ಅವರವರು ಏನು ಬೇಕಾದರೂ ಕಿತ್ತಾಡಿಕೊಳ್ಳಲಿ. ಹಾಲ್ ಎಲ್ಲರಿಗೂ ಬಾಡಿಗೆಗೆ ಕೊಡುತ್ತಿದ್ದರೆ ಅಭ್ಯರ್ಥಿಗೂ ಕೊಡಬಹುದು, ಮದುವೆ ಮನೆಯವರಿಗೆ ಏನು ರೇಟೋ ಅದೇ ರೇಟಿಗೆ, ಮೊದಲು ಕೇಳಿದವರಿಗೆ ಮೊದಲು. ಸ್ಮರಣ ಸಂಚಿಕೆಯ ಜಾಹೀರಾತೂ ಹಾಗೇ.

ವೋಟರ್ ನೋಂದಣಿ ಮೇಜು

ಇದನ್ನು ಖಂಡಿತ ಮಾಡಿ. ಪಕ್ಷಭೇದ ಇಲ್ಲದೆ ನೋಂದಣಿ ಮಾಡಿಸುವುದು ದೇವಸ್ಥಾನಕ್ಕೆ ಪೂರ್ತಿ ಅನುಮತಿ ಇರುವ ಕೆಲಸ. ನ್ಯೂಜೆರ್ಸಿಯಲ್ಲಿ ಚುನಾವಣೆಗೆ 21 ದಿನ ಮುಂಚೆ ಗಡುವು. ಬಹಳ ವರ್ಷಗಳಲ್ಲಿ ಅದು ನವರಾತ್ರಿಯ ಆಸುಪಾಸಿನಲ್ಲೇ ಬೀಳುತ್ತದೆ, ಗೊಂಬೆ ನೋಡಲು ಬಂದವರೆಲ್ಲ ಸಿಗುತ್ತಾರೆ. 17 ತುಂಬಿದ ಮಕ್ಕಳೂ ಹೆಸರು ಕೊಡಬಹುದು, ನವೆಂಬರಿನ ವೋಟು 18ಕ್ಕೆ. ಮೇಜಿನ ಮೇಲೆ ಅಭ್ಯರ್ಥಿಯ ಹೆಸರಾಗಲಿ ಪಕ್ಷದ ಬಣ್ಣವಾಗಲಿ ಇರಬಾರದು. ಫಾರ್ಮಿನಲ್ಲಿ ಪಕ್ಷದ ಕಲಂ ಬಂದಾಗ ಯಾವುದು ಬರೆಯಲಿ ಅಂತ ಆಂಟಿಯರು ಕೇಳುತ್ತಾರೆ. ನಗಿ, ಉತ್ತರ ಕೊಡಬೇಡಿ.

ಆದರೆ ಈ ಮೇಜಿನಲ್ಲಿ ಒಂದು ದೊಡ್ಡ ಅಪಾಯ ಇದೆ, ಅದನ್ನು ಸ್ವಯಂಸೇವಕರಿಗೆ ಎರಡೆರಡು ಸಲ ಹೇಳಿ. ಸಿಟಿಜನ್ ಅಲ್ಲದವರು ಸಹಿ ಹಾಕಬಾರದು. ಗ್ರೀನ್ ಕಾರ್ಡ್ ಇದ್ದರೂ ಹಾಕಬಾರದು. ಫಾರ್ಮಿನಲ್ಲಿ ನಾನು ಸಿಟಿಜನ್ ಅಂತ ಪ್ರಮಾಣ ಮಾಡಬೇಕು. ಅದು ಸುಳ್ಳಾದರೆ ಅಪರಾಧ, ದೇಶದಿಂದ ಕಳಿಸುವ ತನಕ ಹೋಗಬಹುದು. ಮುಂದೆ ಸಿಟಿಜನ್ ಆಗಲು ತುಂಬುವ ಎನ್-400 ಅರ್ಜಿಯಲ್ಲಿ, ನೀವು ಯಾವಾಗಲಾದರೂ ವೋಟರ್ ಆಗಿ ನೋಂದಾಯಿಸಿದ್ದೀರಾ ಅಂತ ನೇರ ಪ್ರಶ್ನೆ ಇದೆ. ನಮ್ಮ ಜನ ಸಾಲು ಕಂಡರೆ ನಿಲ್ಲುವವರು, ಕೊಟ್ಟ ಫಾರ್ಮ್ ತುಂಬುವವರು. ಊರಿಂದ ಬಂದ ಅತ್ತೆ ಮಾವ ಕೂಡ ಪೆನ್ನು ಕೇಳುತ್ತಾರೆ! ಹಾಗಾಗಿ ಫಾರ್ಮ್ ಮೇಜಿನ ಮೇಲೆ ಹರಡಿ ಇಡಬೇಡಿ. ನೀವು ಅಮೆರಿಕದ ಸಿಟಿಜನ್ನಾ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದು ನಿಲ್ಲಿಸಿ. ಹೌದು ಅಂದ ಮೇಲೆ ಫಾರ್ಮ್ ಕೈಗೆ ಕೊಡಿ.

ಮಸೂದೆ ಬಂದರೆ ಮಾತಾಡಬಹುದು

ಅಭ್ಯರ್ಥಿಯ ಬಗ್ಗೆ ಬಾಯಿ ಕಟ್ಟಿದೆ, ಕಾನೂನಿನ ಬಗ್ಗೆ ಕಟ್ಟಿಲ್ಲ. ಒಂದು ಮಸೂದೆ ಪಾಸಾಗಲಿ ಅಥವಾ ಬೀಳಲಿ ಅಂತ ದೇವಸ್ಥಾನ ಹೇಳಬಹುದು. ಅದು ಒಟ್ಟು ಚಟುವಟಿಕೆಯಲ್ಲಿ ದೊಡ್ಡ ಭಾಗ ಆಗಬಾರದು ಅಷ್ಟೇ. ಶಾಲೆಗೆ ದೀಪಾವಳಿ ರಜೆ ಬೇಕು ಅಂತ ವರ್ಷಗಟ್ಟಲೆ ಕೇಳಿದ್ದಕ್ಕೆ 2023ರ ನವೆಂಬರಿನಲ್ಲಿ ನ್ಯೂಯಾರ್ಕ್ ಗವರ್ನರ್ ಕ್ಯಾಥಿ ಹೋಕುಲ್ ನಗರದ ಶಾಲೆಗಳಿಗೆ ರಜೆ ಕೊಡುವ ಕಾನೂನಿಗೆ ಸಹಿ ಹಾಕಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಜಾತಿ ತಾರತಮ್ಯದ ವಿರುದ್ಧದ ಮಸೂದೆ ಎಸ್‌ಬಿ 403 ಬಂದಾಗ ನಮ್ಮ ಜನ ಎರಡಾಗಿ ಒಡೆದರು. ಬೇಕು ಅಂದವರೂ ಭಾರತೀಯರೇ, ಬೇಡ ಅಂದವರೂ ಭಾರತೀಯರೇ. ಎರಡು ಸದನ ದಾಟಿದ ಮಸೂದೆಯನ್ನು ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ತಡೆದರು. ಇಂಥ ವಿಷಯದಲ್ಲಿ ದೇವಸ್ಥಾನದ ಹೆಸರಿನಲ್ಲಿ ಪತ್ರ ಬರೆಯಲು ಕಾನೂನು ಬಿಡುತ್ತದೆ. ಆದರೂ ಕಮಿಟಿಯ ಮೂರು ಜನ ಸೇರಿ ಬರೆಯಬೇಡಿ, ಸರ್ವ ಸದಸ್ಯರ ಸಭೆ ಕರೆಯಿರಿ. ಭಕ್ತರಲ್ಲಿ ಆ ತಾರತಮ್ಯವನ್ನು ಮೈಮೇಲೆ ಅನುಭವಿಸಿದವರೂ ಇದ್ದಾರೆ ಅನ್ನುವುದನ್ನು ಮರೆತು ಬರೆದ ಪತ್ರಗಳನ್ನು ನಾನು ಓದಿದ್ದೇನೆ, ಚೆನ್ನಾಗಿರಲಿಲ್ಲ.

2025ರ ಸುದ್ದಿ ಹಿಡಿದು ಬರುವವರಿಗೆ

"ಈಗ ಆ ಕಾನೂನೇ ಇಲ್ವಂತೆ" ಅಂತ ಯಾರಾದರೂ ಬಂದೇ ಬರುತ್ತಾರೆ. ನಡೆದದ್ದು ಇಷ್ಟು. ಕ್ರೈಸ್ತ ಪ್ರಸಾರಕರ ಸಂಘ ಮತ್ತು ಟೆಕ್ಸಸ್‌ನ ಚರ್ಚುಗಳು ಹೂಡಿದ್ದ ದಾವೆಯಲ್ಲಿ 2025ರ ಜುಲೈನಲ್ಲಿ ಐಆರ್‌ಎಸ್ ಒಂದು ನಿಲುವು ಬರೆದುಕೊಟ್ಟಿತು. ಪೂಜೆಯ ಸಂದರ್ಭದಲ್ಲಿ, ಎಂದಿನ ರೀತಿಯಲ್ಲಿ, ಧರ್ಮದ ಕಣ್ಣಿನಿಂದ ಚುನಾವಣೆಯ ಬಗ್ಗೆ ತಮ್ಮ ಭಕ್ತರಿಗೆ ಹೇಳಿದರೆ ಅದು ಪ್ರಚಾರ ಅಲ್ಲ, ಮನೆಯವರು ಮನೆಯೊಳಗೆ ಮಾತಾಡಿಕೊಂಡ ಹಾಗೆ ಅಂತ. 1954ರ ಸಾಲನ್ನು ಸಂಸತ್ತು ತೆಗೆದುಹಾಕಿಲ್ಲ. ಜಾಹೀರಾತು, ದೇಣಿಗೆ, ಅಭ್ಯರ್ಥಿಗೆ ವೇದಿಕೆ, ಇವು ಆ ಮಾತಿನಲ್ಲಿ ಬರುವುದಿಲ್ಲ. ಕನ್ನಡ ಕೂಟ ಪೂಜಾಸ್ಥಳವೂ ಅಲ್ಲ. ನಾವು ನಮ್ಮ ಒಂದು ಪುಟದ ನಿರ್ಣಯವನ್ನು ಒಂದಕ್ಷರ ಬದಲಿಸಿಲ್ಲ. ಪುಳಿಯೋಗರೆ ಕಲಸುವವರು ಅವರೇ ಅಲ್ವಾ?

ಅವರು ನಮ್ಮನ್ನು ಕರೆದರೆ

ಇದು ಉಲ್ಟಾ ದಿಕ್ಕು. ಟೌನ್ ಕೌನ್ಸಿಲ್ ಸಭೆಯ ಮೊದಲು ಪ್ರಾರ್ಥನೆ ಹೇಳಲು ನಿಮ್ಮ ಭಟ್ಟರನ್ನು ಕರೆಯಬಹುದು. ನ್ಯೂಯಾರ್ಕ್ ರಾಜ್ಯದ ಗ್ರೀಸ್ ಅನ್ನುವ ಟೌನಿನಲ್ಲಿ ಪ್ರಾರ್ಥನೆಗೆ ಹೆಚ್ಚುಕಡಿಮೆ ಬರೀ ಕ್ರೈಸ್ತ ಪಾದ್ರಿಗಳೇ ಬರುತ್ತಿದ್ದರು. ಇಬ್ಬರು ಹೆಂಗಸರು ಕೋರ್ಟಿಗೆ ಹೋದರು. 2014ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಇಂಥ ಪ್ರಾರ್ಥನೆ ನಡೆಯಬಹುದು ಅಂತ ಹೇಳಿತು. ಬೇರೆ ಧರ್ಮವನ್ನು ಹೀಗಳೆಯುವ, ಮತಾಂತರಕ್ಕೆ ಎಳೆಯುವ ರೂಢಿ ಆಗಬಾರದು, ಒಂದು ಧರ್ಮದವರನ್ನು ಬೇಕಂತಲೇ ಹೊರಗಿಡಬಾರದು. ಹಾಗಾಗಿ ಕರೆಯದಿದ್ದರೆ ನೀವೇ ಟೌನ್ ಕ್ಲರ್ಕಿಗೆ ಬರೆದು ಹೆಸರು ಸೇರಿಸಲು ಕೇಳಿ. ಸಂಕೋಚ ಬೇಡ. 2000ದ ಸೆಪ್ಟೆಂಬರ್ 14ರಂದು ವಾಜಪೇಯಿ ಅಮೆರಿಕದ ಸಂಸತ್ತಿನಲ್ಲಿ ಮಾತಾಡಿದ ದಿನ, ಒಹಾಯೋದ ಪಾರ್ಮಾ ದೇವಸ್ಥಾನದ ಅರ್ಚಕ ವೆಂಕಟಾಚಲಪತಿ ಸಮುದ್ರಾಲ ಅವರು ಕೆಳಮನೆಯ ಕಲಾಪದ ಮೊದಲ ಪ್ರಾರ್ಥನೆ ಹೇಳಿದ್ದರು. 2007ರಲ್ಲಿ ಹಿಂದೂ ಪುರೋಹಿತ ರಾಜನ್ ಝೆಡ್ ಸೆನೆಟ್ಟಿನಲ್ಲಿ ಪ್ರಾರ್ಥನೆ ಹೇಳುವಾಗ ಗ್ಯಾಲರಿಯಿಂದ ಮೂವರು ಕೂಗಿ ಅಡ್ಡಿ ಮಾಡಿದರು. ಅವರನ್ನು ಪೊಲೀಸರು ಹಿಡಿದುಕೊಂಡು ಹೋದರು, ಪ್ರಾರ್ಥನೆ ಮುಗಿಯಿತು.

ಎರಡು ನಿಮಿಷದೊಳಗೆ ಮುಗಿಸಿ. ಒಂದು ಶ್ಲೋಕ, ಅದರ ಇಂಗ್ಲಿಷ್ ಅರ್ಥ, ಸಾಕು. "ಅಸತೋ ಮಾ" ಎಲ್ಲ ಕಡೆ ಸಲ್ಲುತ್ತದೆ. ಕೌನ್ಸಿಲ್ಲಿನ ಒಬ್ಬ ಸದಸ್ಯರ ಹೆಸರು ಹಿಡಿದು ಹರಸಬೇಡಿ, ನಿಮ್ಮ ಬಾಕಿ ಇರುವ ಪರವಾನಗಿಯನ್ನು ದೇವರ ಮುಂದೆ ನೆನಪಿಸಬೇಡಿ. ಸಭೆ ಸಾಮಾನ್ಯವಾಗಿ ಸಂಜೆ ಹೊತ್ತು. ಭಟ್ಟರು ಅಲ್ಲಿಗೆ ಹೊರಟರೆ ಆ ದಿನದ ಸಾಯಂಕಾಲದ ಮಂಗಳಾರತಿಗೆ ಇನ್ನೊಬ್ಬರನ್ನು ಹಿಂದಿನ ವಾರವೇ ಗೊತ್ತುಮಾಡಿ, ಬಾಗಿಲ ಬಳಿ ಚೀಟಿ ಅಂಟಿಸಿ.